ಮೂರನೇ ಸಾಲಿನ ದೆವ್ವಗಳು

ನಮ್ಮ ಕುಮ್ ಹೆಲಿಗ್ ಊರಿನಲ್ಲಿ ದೆವ್ವದ ಪಾತ್ರ ಮಾಡದವರನ್ನು ಹುಡುಕಬೇಕೆಂದರೆ ಸ್ಮಶಾನಕ್ಕೇ ಹೋಗಬೇಕು. ಅಲ್ಲಿ ಮಲಗಿರುವವರನ್ನು ಮಾತ್ರ ಸಿನಿಮಾದವರು ಕರೆಯಲಿಲ್ಲ. ಉಳಿದ ನಾವೆಲ್ಲ ಆ ಸೆಪ್ಟೆಂಬರಿನಲ್ಲಿ ಕರಿ ಕಂಬಳಿ ಹೊದ್ದು ಹಳೆಯ ಸ್ಲೇಟುಗಣಿಯ ಹೊಂಡದಲ್ಲಿ ಸಾಲಾಗಿ ನಿಂತಿದ್ದೆವು. ‘ಕಣಿವೆಯ ಬಾಯಿ’ ಎಂಬ ಆ ಸಿನಿಮಾವನ್ನು ನೀವೇನಾದರೂ ನೋಡಿದ್ದರೆ, ಬಲಿ ಕೊಡುವ ದೃಶ್ಯದಲ್ಲಿ ಪರದೆಯ ಎಡಗಡೆ ಒಂದು ಮೊಣಕೈ ಬಂದು ಹೋಗುತ್ತದೆ. ಅದು ನನ್ನದು. ಅದು ಕಟುಕ ಗ್ವಿಲಿಮ್‌ನ ಮೊಣಕೈ ಎಂದು ನನ್ನ ಹೆಂಡತಿಯ ವಾದ. ನನ್ನದರಲ್ಲಿ ಅಷ್ಟು ಅಭಿನಯ ಇಲ್ಲವಂತೆ.

ಇರಲಿ, ಇದು ಮೊಣಕೈಯ ಕತೆಯಲ್ಲ, ಪೊರಕೆ ಟೆಗ್ವೆನ್‌ಳ ಕತೆ.

ವೇಲ್ಸ್‌ನಲ್ಲಿ ಮನೆತನದ ಹೆಸರುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಜನರನ್ನು ಕಸುಬಿನಿಂದ ಗುರುತಿಸುವುದು ವಾಡಿಕೆ. ನಾನು ವ್ಯಾನ್ ಎಮ್ರಿಸ್. ಹಳ್ಳಿಹಳ್ಳಿಗೆ ಪುಸ್ತಕ ಒಯ್ಯುವ ಸರಕಾರಿ ವ್ಯಾನು ಓಡಿಸುತ್ತಿದ್ದೆ. ಓದುವವರಿಲ್ಲವೆಂದು ವ್ಯಾನನ್ನು ಗುಜರಿಗೆ ಹಾಕಿದರು, ನನ್ನನ್ನು ಹಾಕಲು ಮರೆತರು. ಟೆಗ್ವೆನ್ ಮನೆಗಳನ್ನು ಗುಡಿಸಿ ತೊಳೆಯುತ್ತಾಳೆ, ಹಾಗಾಗಿ ಪೊರಕೆ. ಎಪ್ಪತ್ತರ ಹತ್ತಿರದ ಕುಳ್ಳಗಿನ ಹೆಂಗಸು. ಬೀದಿಯಲ್ಲಿ ಎದುರಾದರೆ ನಾವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ನಾಯಿಗಳೂ ಹಾಗೇ ಮಾಡುತ್ತವೆ.

ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳು ಈಗ ಲಂಡನ್, ಮ್ಯಾಂಚೆಸ್ಟರ್‌ನವರ ರಜಾಮನೆಗಳು. ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಚಳಿಗಾಲದಲ್ಲಿ ಕಿಟಕಿಗಳಲ್ಲಿ ದೀಪವಿಲ್ಲ. ಶನಿವಾರ ಬೆಳಿಗ್ಗೆ ಹಳೆಯ ಅತಿಥಿಗಳು ಹೊರಟು ಮಧ್ಯಾಹ್ನ ಹೊಸಬರು ಬರುವುದರೊಳಗೆ ಟೆಗ್ವೆನ್ ಹಾಸಿಗೆಯ ಹೊದಿಕೆ ಬದಲಿಸಿ, ಕಕ್ಕಸು ತಿಕ್ಕಿ, ಮೇಜಿನ ಮೇಲೆ ಒಣದ್ರಾಕ್ಷಿ ಹಾಕಿದ ನಮ್ಮ ಬಾರಾ ಬ್ರಿತ್ ರೊಟ್ಟಿಯ ಎರಡು ತುಂಡು ಮುಚ್ಚಿಟ್ಟು ಬರುತ್ತಾಳೆ. ಅವಳು ತೊಳೆಯುವ ಮನೆಗಳಲ್ಲಿ ಗುಡ್ಡದ ಮೇಲಿನ ಬ್ರಿನ್ ಗ್ವಿಂಟ್ ಕೂಡ ಒಂದು. ಅವಳು ಹುಟ್ಟಿದ್ದು ಆ ಮನೆಯಲ್ಲೇ. ಅಪ್ಪ ಮೈರಿಗ್ ಆಲೂಗಡ್ಡೆ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗುಳುಗುಳು ಗುಳ್ಳೆ ಬರುವ ಬಿಸಿನೀರಿನ ತೊಟ್ಟಿ ಇದೆ. ಅದರಲ್ಲಿ ಜನ ಹೆಂಡ ಹಿಡಿದು ಕುತ್ತಿಗೆಯವರೆಗೆ ಮುಳುಗಿ ಕೂತು ಬೆಟ್ಟ ನೋಡುತ್ತಾರೆ. “ಆಲೂಗಡ್ಡೇನೂ ಹಾಗೇ ಕೂತಿರ್ತಿತ್ತು,” ಎಂದಳು ಟೆಗ್ವೆನ್ ಒಮ್ಮೆ. “ಆದ್ರೆ ಅದು ಏನಾದ್ರೂ ಉಪಯೋಗಕ್ಕೆ ಬರ್ತಿತ್ತು.”

ಮೈರಿಗ್ ಗಣಿಯಲ್ಲಿ ಕಲ್ಲು ಸೀಳುತ್ತಿದ್ದವನು, ನಮ್ಮ ಪ್ರಾರ್ಥನಾಮಂದಿರ ಪೆನಿಯೆಲ್ ಚಾಪೆಲ್‌ನಲ್ಲಿ ಕೆಳದನಿಯಲ್ಲಿ ಹಾಡುತ್ತಿದ್ದವನು. ಜೀವಮಾನದಲ್ಲಿ ಒಂದೇ ಒಂದು ಕೀರ್ತನೆಗೆ ರಾಗ ಕಟ್ಟಿದ. ರಾಗಕ್ಕೆ ಊರಿನದೋ ಮನೆಯದೋ ಹೆಸರಿಡುವುದು ನಮ್ಮ ಪದ್ಧತಿ, ಅವನು ಬ್ರಿನ್ ಗ್ವಿಂಟ್ ಎಂದಿಟ್ಟ. ನಾಲ್ಕು ಸಾಲಿನ ರಾಗ. ಮೂರನೆಯ ಸಾಲಿನಲ್ಲಿ ಹೆಂಗಸರೂ ಟೆನರ್ ಎಂಬ ಏರುದನಿಯ ಗಂಡಸರೂ ಬಾಯಿ ಮುಚ್ಚಬೇಕು. ಕೆಳದನಿಯ ಗಂಡಸರು ಮಾತ್ರ, ನೆಲದಡಿಯಿಂದ ಎದ್ದು ಬಂದಂತೆ, ‘ಹೊರಗೆ ನಿಂತವರೇ, ಒಳಗೆ ಬನ್ನಿ’ ಎಂದು ಹಾಡುತ್ತಾರೆ. ನಾಲ್ಕನೆಯ ಸಾಲಿಗೆ ಎಲ್ಲರೂ ಸೇರುತ್ತಾರೆ. ಕೆಳದನಿಯವನು ಕಟ್ಟಿದ ರಾಗದಲ್ಲಿ ಚೆಂದದ ಸಾಲು ಕೆಳದನಿಗೇ ಸಿಕ್ಕಿತೆಂದು ನಾವು ಟೆನರ್‌ನವರು ಎರಡು ತಲೆಮಾರಿನಿಂದ ಹೊಟ್ಟೆ ಉರಿದುಕೊಂಡಿದ್ದೇವೆ.

ಮೈರಿಗ್‌ನ ಕಾಲದಲ್ಲಿ ಆ ಸಾಲು ಹಾಡಲು ಎರಡು ಬೆಂಚಿನ ತುಂಬ ಗಂಡಸರಿದ್ದರಂತೆ. ಗಣಿ ಮುಚ್ಚಿತು, ಧೂಳು ಕುಡಿದ ಎದೆಗಳೂ ಒಂದೊಂದಾಗಿ ಮುಚ್ಚಿದವು. ಈ ಕತೆಯ ಹೊತ್ತಿಗೆ ಉಳಿದವನು ಮದ್ದು ಇದ್ವಾಲ್ ಒಬ್ಬನೇ. ಗಣಿಯಲ್ಲಿ ಬಂಡೆಗೆ ಮದ್ದು ಇಟ್ಟು ಸಿಡಿಸುತ್ತಿದ್ದವನು, ಎಂಬತ್ತು ದಾಟಿದವನು, ಒಂದು ಕಿವಿ ಕೇಳದವನು. ಅವನಾದ ಮೇಲೆ ಮೂರನೆಯ ಸಾಲು ಇಲ್ಲ. ಮೂರನೆಯ ಸಾಲಿಲ್ಲದಿದ್ದರೆ ಬ್ರಿನ್ ಗ್ವಿಂಟ್ ಇಲ್ಲ. ಆ ಹೆಸರಿನ ಮನೆ ಹೇಗೂ ಹೋಗಿತ್ತು, ರಾಗವೂ ಹೋಗುತ್ತದಲ್ಲ ಎಂಬುದೊಂದೇ ಟೆಗ್ವೆನ್‌ಳ ಚಿಂತೆ. ಚಳಿಗಾಲದಲ್ಲಿ ಇದ್ವಾಲ್ ಕೆಮ್ಮಿದರೆ ಅವಳಿಗೆ ಜ್ವರ ಬರುತ್ತಿತ್ತು. ಸ್ವಂತ ಗಂಡ ಕೆಮ್ಮುತ್ತಿದ್ದಾಗ ಅಷ್ಟು ತಲೆ ಕೆಡಿಸಿಕೊಂಡವಳಲ್ಲ. ಪಾಪ, ಅವನು ಶ್ರುತಿ ತಪ್ಪಿ ಹಾಡುತ್ತಿದ್ದ. ಅವನ ದನಿ ಮುಚ್ಚಿಹೋಗಲೆಂದು ಅವನನ್ನು ಹಾರ್ಮೋನಿಯಂ ಪಕ್ಕಕ್ಕೇ ಕೂರಿಸುತ್ತಿದ್ದಳು. ಅವನೂ ಸಾಯುವ ತನಕ ಅದನ್ನು ಗೌರವವೆಂದೇ ತಿಳಿದಿದ್ದ.

ಚಾಪೆಲ್‌ನಲ್ಲಿ ಹಾಡು ಎತ್ತುವವಳು ಟೆಗ್ವೆನ್. ಪೀಠದ ಕೆಳಗೆ ನಿಂತು ಬಲಗೈ ಎತ್ತಿದಳೆಂದರೆ ಹಾಡು ಶುರು. ಮುಗಿಯುವುದು ಮಾತ್ರ ಹಾಡಿನ ಕೈಯಲ್ಲಿಲ್ಲ. ಕೊನೆಯ ಸಾಲುಗಳು ಚೆನ್ನಾಗಿ ಬಂದವೆನ್ನಿ, ಆ ಕೈ ಇಳಿಯುವುದಿಲ್ಲ. ಮತ್ತೆ ಅವೇ ಸಾಲು, ಮತ್ತೆ ಅವೇ ಸಾಲು. ಪಾದ್ರಿ ಗಡಿಯಾರ ನೋಡಲಿ, ಮನೆಯಲ್ಲಿ ಒಲೆಯೊಳಗಿನ ಮಾಂಸ ಇದ್ದಲಾಗಲಿ, ಕೈ ಇಳಿಯುವ ತನಕ ಯಾರೂ ನಿಲ್ಲಿಸುವಂತಿಲ್ಲ. ಕ್ರಿಸ್ಪಿನ್‌ಗೆ ಇದನ್ನು ಯಾರೂ ಹೇಳಲಿಲ್ಲ. ಮೀನಿಗೆ ನೀರು ಕಾಣುವುದಿಲ್ಲವಲ್ಲ, ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಕ್ರಿಸ್ಪಿನ್ ಎಂದರೆ ಸಿನಿಮಾದ ನಿರ್ದೇಶಕ. ಲಂಡನ್ನಿನವನು, ಮಾತು ಸಕ್ಕರೆ, ಕುತ್ತಿಗೆಗೆ ಸದಾ ಒಂದು ಶಾಲು. ಊರಿಗೆ ಬಂದ ಮೊದಲ ಭಾನುವಾರವೇ ಚಾಪೆಲ್‌ನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪ್ರಾರ್ಥನೆ ಮುಗಿದ ಮೇಲೆ ಹಿಂಬದಿಯ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸಿನಿಮಾದ ಕತೆ ಹೇಳಿದ.

“ಲಂಡನ್ನಿಂದ ಒಂದು ಜೋಡಿ ಬಂದು ಇಲ್ಲಿ ಹಳೇ ಮನೆ ಕೊಳ್ತಾರೆ. ಊರವರು ಅವರನ್ನ ಕಂಡ ತಕ್ಷಣ ಮಾತು ನಿಲ್ಲಿಸ್ತಾರೆ. ಇಲ್ಲಾ ಅರ್ಥವಾಗದ ಭಾಷೇಲಿ ಪಿಸುಗುಡ್ತಾರೆ. ಮನೇಲಿ ಮೊದಲಿದ್ದವರ ಪ್ರೇತಗಳು ರಾತ್ರಿ ಹೊತ್ತು ಓಡಾಡ್ತವೆ. ಕೊನೇಲಿ ಊರವರೆಲ್ಲ ಒಂದಾಗಿ ಹೆಂಡತೀನ ಗಣಿಯೊಳಗಿರೋ ಭೂತಕ್ಕೆ ಬಲಿ ಕೊಡ್ತಾರೆ.”

ಇದ್ವಾಲ್ ತನ್ನ ಕೇಳುವ ಕಿವಿಯನ್ನು ಮುಂದಿಟ್ಟು ಕೂತಿದ್ದ. “ನಮ್ಮೂರಲ್ಲಿ ಯಾರ್ ಬಂದ್ರೂ ಮಾತು ನಿಲ್ಲಲ್ಲಪ್ಪ,” ಎಂದ. “ಅದೇ ಇಲ್ಲಿನ ಶಾಪ.”

ಟೆಗ್ವೆನ್ ಕೇಳಿದ್ದು ಬೇರೆ. “ಆ ಮನೆ ಅವರಿಗೆ ಮಾರಿದ್ಯಾರು?”

“ಅದು... ಕತೇಲಿ ಇಲ್ಲ,” ಎಂದ ಕ್ರಿಸ್ಪಿನ್.

“ಭಯ ಆಗೋ ಭಾಗಾನೇ ಬಿಟ್ಟಿದ್ದೀರಲ್ಲ.”

ಕ್ರಿಸ್ಪಿನ್ ನಕ್ಕ. ಅವನು ಎಲ್ಲದಕ್ಕೂ ನಗುತ್ತಿದ್ದ, ಅದೇ ಅವನ ಸಂಸ್ಕಾರ. ಆಮೇಲೆ ಶಾಲು ಸರಿಮಾಡಿಕೊಂಡು ಮುಖ್ಯ ವಿಷಯಕ್ಕೆ ಬಂದ. ಇವತ್ತು ಹಾಡಿದಿರಲ್ಲ, ಮಧ್ಯೆ ಈ ಹಿರಿಯರು ಒಬ್ಬರೇ ಹಾಡಿದ ಒಂದು ಸಾಲು ಬಂತಲ್ಲ, ಆ ಹಾಡು ತನಗೆ ಬೇಕು. ಬಲಿಯ ದೃಶ್ಯಕ್ಕೆ. ಎಂಥ ಪುರಾತನ ದನಿ, ಎಂಥ ಮಣ್ಣಿನ ವಾಸನೆ. ಮೈ ಜುಮ್ಮೆಂದಿತು.

“ಅದು ನಮ್ಮಪ್ಪ ಕಟ್ಟಿದ್ದು,” ಎಂದಳು ಟೆಗ್ವೆನ್. “ದೇವರ ಹಾಡು. ಬಾಗಿಲು ತೆಗೆದಿದೆ, ಚಳೀಲಿ ನಿಲ್ಬೇಡಿ, ಒಳಗೆ ಬನ್ನಿ ಅಂತ ಅದರ ಅರ್ಥ.”

“ಅದೇ, ಅದೇ,” ಎಂದ ಕ್ರಿಸ್ಪಿನ್ ಕಣ್ಣರಳಿಸಿ. “ಒಳಗೆ ಬನ್ನಿ. ಎಂಥಾ ಭಯಂಕರ.”

ಟೆಗ್ವೆನ್ ಅವನ ಕೈಯಲ್ಲಿದ್ದ ಅರ್ಧ ಕುಡಿದ ಚಹಾದ ಬಟ್ಟಲನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಅವಳ ‘ಇಲ್ಲ’ ಇರುವುದು ಹಾಗೆ.

ಆ ವಾರ ಊರಿನಲ್ಲಿ ಎರಡು ಪಕ್ಷ. ಅಪ್ಪನ ಕೀರ್ತನೆಯನ್ನು ಭೂತದ ಬಾಯಿಗೆ ಹಾಕುವುದು ಸರಿಯಲ್ಲ ಎಂದು ಕೆಲವರು. ಇನ್ನು ಕೆಲವರು, ಕಂಬಳಿ ಹೊದ್ದು ನಿಲ್ಲಲು ಆಗಲೇ ಅಳತೆ ಕೊಟ್ಟು ಬಂದವರು, ಕಲೆಯನ್ನು ಕಲೆಯೆಂದು ನೋಡಬೇಕು ಎಂದರು. ನಾನು ಎರಡನೆಯ ಪಕ್ಷ. ನನ್ನ ಅಳತೆಯ ಕಂಬಳಿ ಇನ್ನೂ ಸಿಕ್ಕಿರಲಿಲ್ಲ, ಅದು ಬೇರೆ ಮಾತು.

ಟೆಗ್ವೆನ್‌ಳ ಮನಸ್ಸು ತಿರುಗಿಸಿದವನು ಇದ್ವಾಲ್. ಮುಂದಿನ ಭಾನುವಾರ ಅವಳು ಚಹಾದ ಪಾತ್ರೆ ತೊಳೆಯುತ್ತಿದ್ದಳು, ಅವನು ಒರೆಸುತ್ತಿದ್ದ, ನಾನು ಅವನು ಒರೆಸಿದ್ದನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದೆ.

“ಹುಡುಗೀ,” ಎಂದ ಇದ್ವಾಲ್. ಅವಳಪ್ಪನ ಪಕ್ಕದಲ್ಲಿ ನಿಂತು ಹಾಡಿದವನಿಗೆ ಅವಳು ಇಂದಿಗೂ ಹುಡುಗಿಯೇ. “ನಾನು ಹೋದ್ಮೇಲೆ ಮೂರನೇ ಸಾಲು ಯಾರ್ ಹಾಡ್ತಾರೆ? ಈ ಎಮ್ರಿಸ್ ಹಾಡ್ತಾನಾ?”

“ಎಮ್ರಿಸ್‌ಗೆ ಟೆನರೇ ಸರಿಯಾಗಿ ಬರಲ್ಲ,” ಎಂದಳು ಟೆಗ್ವೆನ್, ನಾನು ಅಲ್ಲೇ ಇದ್ದರೂ.

“ಹಾಗಾದ್ರೆ ದೆವ್ವಗಳಾದ್ರೂ ಹಾಡ್ಲಿ ಬಿಡು. ನಿಮ್ಮಪ್ಪ ಹಾಡೋಕೆ ಅಂತ ಕಟ್ಟಿದ್ದು. ಬೀರುವಿನಲ್ಲಿ ಮಡಚಿಡೋಕಲ್ಲ.”

“ಆಮೇಲೆ ಎಲ್ಲರೂ ಅದನ್ನ ದೆವ್ವದ ಹಾಡು ಅಂತಾರೆ, ಇದ್ವಾಲ್.”

“ಅಂದ್ಕೊಳ್ಲಿ. ಅನ್ನೋಕಾದ್ರೂ ಬಾಯಿ ತೆಗೀಬೇಕಲ್ಲ.”

ಅವಳು ಒಂದೇ ತಟ್ಟೆಯನ್ನು ಎರಡು ಸಲ ತೊಳೆದಳು. ಮರುದಿನ ಕ್ರಿಸ್ಪಿನ್‌ನನ್ನು ಕರೆಸಿ ಷರತ್ತು ಹೇಳಿದಳು: ಹಾಡುವುದಾದರೆ ನಾಲ್ಕೂ ದನಿಯಲ್ಲಿ, ಎಲ್ಲರೂ ಒಂದೇ ದನಿಯಲ್ಲಿ ಗೊಣಗುವುದಿಲ್ಲ. ಹಾಡು ಎತ್ತುವುದು ತಾನೇ. ಮತ್ತು ಸಿನಿಮಾದ ಕೊನೆಯಲ್ಲಿ ರಾಗದ ಹೆಸರು ಬ್ರಿನ್ ಗ್ವಿಂಟ್, ಕಟ್ಟಿದವನು ಮೈರಿಗ್ ಪ್ರಿದರ್ಕ್ ಎಂದು ಬರಬೇಕು. ಕ್ರಿಸ್ಪಿನ್ ಎಲ್ಲದಕ್ಕೂ ಒಪ್ಪಿ ಅವಳ ಎರಡೂ ಕೈ ಹಿಡಿದು ಕುಲುಕಿದ. ಪ್ರೇತದ ಮನೆಯ ಚಿತ್ರೀಕರಣಕ್ಕೆ ಅವನು ಆಗಲೇ ಗೊತ್ತು ಮಾಡಿದ್ದ ಮನೆ ಬ್ರಿನ್ ಗ್ವಿಂಟ್. ಅಂದರೆ ಕತೆಯ ಲೆಕ್ಕದಲ್ಲಿ ಅಲ್ಲಿ ಓಡಾಡುವ ಪ್ರೇತ ಮೈರಿಗ್‌ನೇ. ಅದನ್ನು ಕೇಳಿದಾಗ ಟೆಗ್ವೆನ್ ಹೇಳಿದ್ದಿಷ್ಟು: “ಅಪ್ಪ ನಿಜವಾಗ್ಲೂ ಬಂದ್ರೆ ಯಾರನ್ನೂ ಹೆದರಿಸಲ್ಲ. ಆಲೂಗಡ್ಡೆ ಎಲ್ಲಿ ಅಂತ ಕೇಳ್ತಾರೆ.”

ಚಿತ್ರೀಕರಣ ಇನ್ನೇನು ಶುರುವಾಗಬೇಕು, ಆಗ ದಂಗೆ ಎದ್ದಿತು. ಊರವರು ನರಬಲಿ ಕೊಡುವ ರಾಕ್ಷಸರೆಂದು ತೋರಿಸುತ್ತಾರಲ್ಲ, ಅದಕ್ಕೆ ಅಂದುಕೊಂಡಿರೇನೋ. ಅದಕ್ಕಲ್ಲ. ಅಲಂಕಾರದವರು ಚಾಪೆಲ್‌ನೊಳಗೆ, ಪೀಠದ ಮುಂದೆ, ಒಂದು ಕಪ್ಪು ನೀರಿನ ಕೊಳ ಮಾಡಿಟ್ಟಿದ್ದರು. ನೋಡಲು ಭಯವಾಗಲಿ ಎಂದು. ಈಗ ನೋಡಿ, ದೊಡ್ಡವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷೆ ಕೊಡುವವರು ಬ್ಯಾಪ್ಟಿಸ್ಟರು. ಅವರ ಚಾಪೆಲ್ ರಸ್ತೆಯ ಆಚೆ ಬದಿಗಿದೆ. ನಾವು ಮೆಥಡಿಸ್ಟರು, ಮಕ್ಕಳ ಹಣೆಗೆ ನೀರು ಚಿಮುಕಿಸುವವರು. ಈ ಎರಡು ಗುಂಪಿನ ನಡುವೆ ನೂರಾರು ವರ್ಷಗಳಿಂದ ಬಹಳ ಸಭ್ಯವಾದ ದ್ವೇಷವಿದೆ.

“ಕೊಲೆಗಾರರು ಅನ್ನಿ, ಪರವಾಗಿಲ್ಲ,” ಎಂದ ಕಟುಕ ಗ್ವಿಲಿಮ್, ನಮ್ಮ ಹಿರಿಯರ ಸಮಿತಿಯವನು. “ಜನ ನೋಡ್ತಾರೆ, ಸಿನಿಮಾ ಅಂತ ಬಿಡ್ತಾರೆ. ಬ್ಯಾಪ್ಟಿಸ್ಟರು ಅಂದ್ರೆ ನಂಬಿಬಿಡ್ತಾರೆ.”

ಕ್ರಿಸ್ಪಿನ್‌ಗೆ ವ್ಯತ್ಯಾಸ ಅರ್ಥವಾಗಲಿಲ್ಲ. ಆದರೆ ಮೂವತ್ತು ರಾಕ್ಷಸರು ಕಂಬಳಿ ಕಳಚಿ ಬೆಂಚಿನ ಮೇಲೆ ಮಡಚಿಟ್ಟದ್ದು ಅರ್ಥವಾಯಿತು. ಕೊಳ ತೆಗೆಸಿದ. ರಸ್ತೆಯ ಆಚೆಯವರಿಗೆ ಬಹಳ ಬೇಸರವಾಯಿತೆಂದು ಆಮೇಲೆ ತಿಳಿಯಿತು. ಅವರನ್ನು ಅಲ್ಲಿಯ ತನಕ ಯಾರೂ ರಾಕ್ಷಸರ ಪಾತ್ರಕ್ಕೆ ಕರೆದಿರಲಿಲ್ಲ.

ಬಲಿಯ ದೃಶ್ಯ ಗಣಿಯ ಹೊಂಡದಲ್ಲಿ. ಲಂಡನ್ ಹೆಂಡತಿಯ ಪಾತ್ರದ ನಟಿಯನ್ನು ಒಂದು ಚಪ್ಪಡಿಯ ಮೇಲೆ ಮಲಗಿಸಿ ಹಗ್ಗ ಸುತ್ತಿದ್ದರು. “ಒಂದು ಸಲ ಹಾಡಿ, ಆಮೇಲೆ ಮೆಲ್ಲಗೆ ಅವಳ ಕಡೆ ನಡೀರಿ,” ಎಂದು ಕ್ರಿಸ್ಪಿನ್ ಧ್ವನಿವರ್ಧಕದಲ್ಲಿ ಹೇಳಿದ. “ಮುಖದಲ್ಲಿ ಭಾವನೆ ಇರಬಾರದು. ಸತ್ತವರ ಹಾಗೆ.”

“ಪ್ರತಿ ಭಾನುವಾರ ಅದೇ ಅಭ್ಯಾಸ,” ಎಂದ ಗ್ವಿಲಿಮ್.

ಟೆಗ್ವೆನ್ ಕೈ ಎತ್ತಿದಳು. ಮೊದಲ ಸಾಲು, ಎರಡನೆಯ ಸಾಲು ಸರಿಯಾಗಿ ಬಂದವು. ಮೂರನೆಯ ಸಾಲಿಗೆ ನಾವೆಲ್ಲ ಬಾಯಿ ಮುಚ್ಚಿದೆವು. ಇದ್ವಾಲ್ ಒಬ್ಬನೇ ಹಾಡಿದ. ಆಗ ಆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಹೊಂಡದ ಮೂರು ಕಡೆಯ ಸ್ಲೇಟು ಗೋಡೆಗಳು ಆ ದನಿಯನ್ನು ಹಿಡಿದು ವಾಪಸು ಕಳಿಸಿದವು, ಒಂದರ ಹಿಂದೊಂದು. ಒಬ್ಬ ಮುದುಕನ ದನಿ ಎರಡು ಬೆಂಚಿನ ತುಂಬ ಗಂಡಸರ ದನಿಯಾಗಿ ಬಂತು. ಆ ಗೋಡೆಗಳನ್ನು ಸೀಳಿದವರು ಆ ಗಂಡಸರೇ. ನಾನು ಟೆಗ್ವೆನ್‌ಳ ಮುಖ ನೋಡಿದೆ. ಭಾವನೆ ಇರಬಾರದೆಂದು ಹೇಳಿದ್ದರು. ಇತ್ತು.

ನಾಲ್ಕನೆಯ ಸಾಲು ಮುಗಿಯಿತು. ಕೈ ಇಳಿಯಲಿಲ್ಲ.

ಮತ್ತೆ ಮೂರನೆಯ ಸಾಲು. ಮತ್ತೆ ನಾಲ್ಕನೆಯದು. ಕ್ರಿಸ್ಪಿನ್ “ಕಟ್” ಎಂದ. ಇನ್ನೊಂದು ಸಲ “ಕಟ್” ಎಂದ. ಆ ಪದಕ್ಕೆ ಪೆನಿಯೆಲ್ ಚಾಪೆಲ್‌ನಲ್ಲಿ ಯಾವ ಅಧಿಕಾರವೂ ಇಲ್ಲ. ಹೋಗಲಿ, ಹಾಡುತ್ತಲಾದರೂ ನಡೆಯಿರಿ ಎಂದು ಅವನು ಕೈಸನ್ನೆ ಮಾಡಿದ. ಹಾಡು ನಡೆಯುವಾಗ ಜಾಗ ಬಿಟ್ಟು ಕದಲುವುದು ನಮ್ಮಲ್ಲಿ ಅಸಭ್ಯತೆ. ಕ್ಯಾಮೆರಾದವನು ಆರಿಸಬೇಕೋ ಬೇಡವೋ ತಿಳಿಯದೆ ಓಡಿಸುತ್ತಲೇ ಇದ್ದ. ಬಲಿಯಾಗಬೇಕಿದ್ದ ಹುಡುಗಿ ಕಾದು ಕಾದು ಸಾಕಾಗಿ ಹಗ್ಗದಿಂದ ಕೈ ಬಿಡಿಸಿಕೊಂಡು ಎದ್ದು ಕೂತಳು. ಶಾಲೆಯಲ್ಲಿ ಹಾಡುಗುಂಪಿನಲ್ಲಿದ್ದವಳಂತೆ. ಪದ ಗೊತ್ತಿಲ್ಲದಿದ್ದರೂ ಮೇಲುದನಿ ಹಿಡಿದು ನಮ್ಮ ಜೊತೆ ಹಾಡತೊಡಗಿದಳು, ನಗುನಗುತ್ತಾ, ಹಣೆಯ ಮೇಲೆ ಹಚ್ಚಿದ ಹುಸಿರಕ್ತ ಇಳಿಯುತ್ತಿದ್ದ ಹಾಗೇ. ಟೆಗ್ವೆನ್ ಅವಳ ಕಡೆ ತಿರುಗಿ ಎಡಗೈಯಲ್ಲಿ, ಇನ್ನೂ ಸ್ವಲ್ಪ ಮೇಲೆ, ಎಂದು ಸನ್ನೆ ಮಾಡಿದಳು.

ಇದ್ವಾಲ್‌ನ ಉಸಿರು ಸೋತ ಮೇಲೆಯೇ ಕೈ ಇಳಿದದ್ದು. ಆ ಹೊತ್ತಿಗೆ ಬೆಳಕು ಹೋಗಿತ್ತು, ಮರುದಿನ ನಟಿ ಬೇರೆ ಕಡೆ ಹೋಗಬೇಕಿತ್ತು. ಕ್ರಿಸ್ಪಿನ್‌ನ ಕೈಯಲ್ಲಿದ್ದದ್ದು ಅದೊಂದೇ ದೃಶ್ಯ. ಬಲಿಯಿಲ್ಲದ ಬಲಿಯ ದೃಶ್ಯ. ಅವನು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕಾರಿನಲ್ಲಿ ಕೂತ. ಟೆಗ್ವೆನ್ ಒಂದು ಬಟ್ಟಲು ಚಹಾ ಕಳಿಸಿದಳು.

ಸಿನಿಮಾ ಬಿಡುಗಡೆಯಾದಾಗ ಊರಿಗೆ ಊರೇ ಬಸ್ಸು ಮಾಡಿಕೊಂಡು ಪಟ್ಟಣದ ಟಾಕೀಸಿಗೆ ಹೋಯಿತು. ನಮ್ಮ ಮೇಲೆ ನಮಗೇ ಭಯವಾಯಿತು. ನಾವು ಚಹಾದಂಗಡಿಯಲ್ಲಿ ನಮ್ಮ ವೆಲ್ಷ್ ಭಾಷೆಯಲ್ಲಿ ಹವಾಮಾನದ ಬಗ್ಗೆ ಮಾತಾಡಿದ್ದಕ್ಕೆಲ್ಲ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಶಾಪಗಳು ಬರುತ್ತಿದ್ದವು. ಇದ್ವಾಲ್‌ನ ಸಾಲಿಗೆ ‘ಮಣ್ಣಿನೊಳಗೆ ಬಾ’ ಎಂದು ಬಂತು. ಕೊನೆಯ ದೃಶ್ಯವನ್ನು ಕ್ರಿಸ್ಪಿನ್ ಹಾಗೇ ಉಳಿಸಿದ್ದ: ಹೆಂಡತಿ ಹಗ್ಗ ಬಿಚ್ಚಿಕೊಂಡು ಎದ್ದು, ತನ್ನನ್ನು ಕೊಲ್ಲಬೇಕಾದವರ ಜೊತೆ ನಗುತ್ತಾ ಹಾಡುತ್ತಾಳೆ, ಪರದೆ ಕಪ್ಪಾಗುತ್ತದೆ.

ಜನ ಎದ್ದು ಹೊರಟರು. ಟೆಗ್ವೆನ್ ಏಳಲಿಲ್ಲ. ಹೆಸರುಗಳು ಮೇಲೇರುತ್ತಲೇ ಇದ್ದವು. ಕಂಬಳಿ ಹೊಲಿದವರದು, ಊಟ ತಂದವರದು, ನಾಯಿ ನೋಡಿಕೊಂಡವರದು. ತೀರಾ ಕೊನೆಗೆ ಬಂತು. ‘ಹಾಡು: ಸಾಂಪ್ರದಾಯಿಕ.’ ಅಂದರೆ, ಕಟ್ಟಿದವರು ಯಾರೋ ಗೊತ್ತಿಲ್ಲ.

“ನಮ್ಮಪ್ಪ ಸಾಂಪ್ರದಾಯಿಕ ಆಗಿಬಿಟ್ರು,” ಎಂದಳು ಟೆಗ್ವೆನ್ ಕೋಟು ಹಾಕಿಕೊಳ್ಳುತ್ತಾ.

ಇದ್ವಾಲ್ ಏನೋ ಹೇಳಹೊರಟ. “ನೀವು ಮಾತಾಡ್ಬೇಡಿ,” ಎಂದಳು. “ದೆವ್ವ ಹಾಡ್ಲಿ ಬಿಡು ಅಂದೋರು ನೀವೇ.” ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಕ್ರಿಸ್ಪಿನ್‌ಗೆ ಫೋನು ಮಾಡಿದಾಗ ಅವನು ಎಷ್ಟು ಮಧುರವಾಗಿ ಕ್ಷಮೆ ಕೇಳಿದನೆಂದರೆ, ಫೋನು ಇಟ್ಟ ಮೇಲೆಯೇ ಅವಳಿಗೆ ಹೊಳೆದದ್ದು, ಅವನು ಏನನ್ನೂ ಸರಿಪಡಿಸುವುದಾಗಿ ಹೇಳಿರಲಿಲ್ಲ.

ಆಮೇಲೆ ವಿದ್ವಾಂಸರು ಬಂದರು. ಕಾರ್ಡಿಫ್‌ನಿಂದ ಡಾಕ್ಟರ್ ನೆಸ್ತಾ ಎಂಬ ಹುಡುಗಿ, ದುಂಡು ಕನ್ನಡಕ, ಪುಸ್ತಕದಂಥ ಶುದ್ಧ ವೆಲ್ಷ್. ನಮ್ಮ ಆಡುಮಾತು ಕೇಳಿ ಆಕೆಗೆ ಬಹಳ ಸಂತೋಷವಾಯಿತು, ಅರ್ಧ ಅರ್ಥವಾಗಲಿಲ್ಲ. ಟೆಗ್ವೆನ್‌ಳ ಅಡುಗೆಮನೆಯಲ್ಲಿ ಧ್ವನಿ ಹಿಡಿಯುವ ಯಂತ್ರ ಇಟ್ಟು ಕೇಳಿದಳು:

“ಟೆಗ್ವೆನ್ ಅವರೇ, ಒಂದು ಸಮುದಾಯವಾಗಿ ನಿಮ್ಮನ್ನು ಭೀಕರ ಅನ್ಯರನ್ನಾಗಿ ಚಿತ್ರಿಸಿದಾಗ ನಿಮಗೆ ಏನನ್ನಿಸಿತು?”

“ಕಂಬಳಿ ಚುಚ್ತಿತ್ತು, ಮಗಳೇ.”

“ಕೊನೆಯ ದೃಶ್ಯದಲ್ಲಿ ಆ ಸಾಲುಗಳನ್ನು ಮತ್ತೆ ಮತ್ತೆ ಹಾಡುತ್ತೀರಿ. ಅದು ಬಂಡವಾಳಶಾಹಿಯ ಕಾಲಪ್ರಜ್ಞೆಗೆ ತೋರಿದ ಪ್ರತಿರೋಧವೇ?”

“ಆಲ್ಟೊ ಹಾಡೋ ಹೆಂಗಸರು ಎಳೀತಿದ್ರು. ಸರಿಯಾಗ್ಲಿ ಅಂತ.” ಪ್ರತಿಧ್ವನಿಯ ವಿಷಯ ಅವಳು ಹೇಳಲಿಲ್ಲ. ಅದು ಯಂತ್ರಕ್ಕೆ ಹೇಳುವಂಥದ್ದಲ್ಲ.

ನೆಸ್ತಾಳ ಲೇಖನ ಬಂದಾಗ ಓದಿ ಹೇಳುವ ಕೆಲಸ ನನಗೆ ಬಿತ್ತು. ಪುಸ್ತಕದ ವ್ಯಾನು ಓಡಿಸಿದವನಿಗೆ ಓದಲು ಬರುತ್ತದೆಂಬ ನಂಬಿಕೆ ಊರಿನಲ್ಲಿ ಇನ್ನೂ ಇದೆ. ಒಂದೊಂದು ವಾಕ್ಯವೂ ಒಂದೊಂದು ಗುಡ್ಡ. ಹತ್ತಿ ಇಳಿಯುವಷ್ಟರಲ್ಲಿ ಕ್ರಿಯಾಪದ ಕಳೆದುಹೋಗುತ್ತಿತ್ತು. ಮಾತೃಪ್ರಧಾನ ಸಮೂಹದ ಕೈ ಎಂದರೆ ಟೆಗ್ವೆನ್‌ಳ ಕೈ ಎಂದು ತಿಳಿಯಲು ನನಗೆ ಅರ್ಧ ಪುಟ ಹಿಡಿಯಿತು. ನಾವು ನಗುತ್ತಿದ್ದೆವು. ಆಗ ಈ ವಾಕ್ಯ ಬಂತು: ಈ ಚಿತ್ರದಲ್ಲಿ ಮನೆ ಕಳೆದುಕೊಂಡವರು ಭಯ ಹುಟ್ಟಿಸುವವರು, ಮನೆ ಕೊಂಡವರು ಕನಿಕರಕ್ಕೆ ಪಾತ್ರರು, ಈ ನೆಲದವರಿಗೆ ತಮ್ಮ ಮನೆಯಲ್ಲಿ ಇರಲು ಅವಕಾಶವಿರುವುದು ಪ್ರೇತವಾಗಿ ಮಾತ್ರ.

“ಅದನ್ನ ಇನ್ನೊಂದ್ಸಲ ಓದು,” ಎಂದಳು ಟೆಗ್ವೆನ್.

ಓದಿದೆ.

“ಈ ಹುಡುಗಿ ಸರಿಯಾಗೇ ಬರೆದಿದ್ದಾಳೆ. ಶನಿವಾರ ಬ್ರಿನ್ ಗ್ವಿಂಟ್‌ನಲ್ಲಿ ನಾನು ಹಾಗೇ ಅಲ್ವಾ ಇರೋದು. ಅತಿಥಿಗಳ ಕಣ್ಣಿಗೆ ಬೀಳಬಾರದು, ಸದ್ದು ಮಾಡಬಾರದು, ಬಂದ ಗುರುತು ಉಳೀಬಾರದು ಅಂತ ಮಾಲೀಕರ ಅಪ್ಪಣೆ.” ನನ್ನ ಕೈಯಿಂದ ಲೇಖನ ತೆಗೆದು ಮಡಚಿಟ್ಟು, “ಪ್ರೇತಗಳಿಗಾದ್ರೆ ಸದ್ದು ಮಾಡೋ ಸ್ವಾತಂತ್ರ್ಯ ಇದೆ,” ಎಂದಳು.

ವಿದ್ವಾಂಸರ ಹಿಂದೆಯೇ ಭಕ್ತರು ಬಂದರು. ಇಂಥ ಸಿನಿಮಾಗಳಿಗೆ ಭಕ್ತರಿರುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಕರಿ ಅಂಗಿ, ಅದರ ಮೇಲೆ ತಲೆಬುರುಡೆ, ಮೂಗಿಗೆ ಉಂಗುರ, ಕೈತುಂಬ ಹಚ್ಚೆ. ಬರ್ಮಿಂಗ್‌ಹ್ಯಾಮ್‌ನಿಂದ, ಲೀಡ್ಸ್‌ನಿಂದ ಬಂದು ಚಾಪೆಲ್ ಬಾಗಿಲಿನ ಫೋಟೊ ಹೊಡೆಯುತ್ತಿದ್ದರು. ಅವರಲ್ಲಿ ಮೇಲಿಂದ ಮೇಲೆ ಬರುತ್ತಿದ್ದವನು ಕೀರನ್ ಎಂಬ ಲಾರಿ ಚಾಲಕ, ಕಪಾಟಿನಷ್ಟು ಅಗಲ, ಎದೆ ಮುಚ್ಚುವಷ್ಟು ಗಡ್ಡ. ಇದ್ವಾಲ್ ರಸ್ತೆಗೆ ಬಂದರೆ ಇವರೆಲ್ಲ ಟೋಪಿ ತೆಗೆದು ನಿಲ್ಲುತ್ತಿದ್ದರು. ಎಂಬತ್ತು ವರ್ಷ ಯಾರೂ ತಿರುಗಿ ನೋಡದ ಮನುಷ್ಯ ಈಗ ಹಾಲು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ಕೋಟು ಹಾಕತೊಡಗಿದ. ಟೆಗ್ವೆನ್ ಮಾತ್ರ ಅವರು ಆ ರಾಗ ಗುನುಗುವುದು ಕಿವಿಗೆ ಬಿದ್ದರೆ ಪೊರಕೆ ಹಿಡಿದು ಗೇಟಿನ ತನಕ ಬರುತ್ತಿದ್ದಳು. ಅವರು ಅದಕ್ಕೂ ಫೋಟೊ ಹೊಡೆಯುತ್ತಿದ್ದರು.

ಮುಂದಿನ ಮಾರ್ಚಿನಲ್ಲಿ ಇದ್ವಾಲ್ ತೀರಿಕೊಂಡ. ಕುರ್ಚಿಯಲ್ಲಿ ಕೂತಿದ್ದ ಹಾಗೇ, ಕೋಟು ಹಾಕಿಕೊಂಡೇ.

ಶವಸಂಸ್ಕಾರದ ಹಿಂದಿನ ದಿನ ಟೆಗ್ವೆನ್ ನಮ್ಮನ್ನೆಲ್ಲ ಕರೆದು ಹೇಳಿದಳು. “ನಾಳೆ ಬ್ರಿನ್ ಗ್ವಿಂಟ್ ಹಾಡ್ತೀವಿ. ಮೂರನೇ ಸಾಲು ಬಂದಾಗ ಯಾರೂ ಬಾಯಿ ತೆಗೀಬೇಡಿ. ಖಾಲಿ ಬಿಡಿ. ಆಮೇಲೆ ನಾಲ್ಕನೇದು ಎತ್ಕೊಳ್ಳಿ.”

“ಸಾಲು ನಿಲ್ಲಬಾರದು, ಹಾರ್ಮೋನಿಯಂನಲ್ಲಾದ್ರೂ ನುಡಿಸಬಹುದಲ್ಲ,” ಎಂದೆ ನಾನು.

“ಇದ್ದಿದ್ದು ಇಲ್ಲ ಅಂತ ಗೊತ್ತಾಗ್ಲಿ, ಎಮ್ರಿಸ್. ಇದೇ ಕೊನೇ ಸಲ. ಇನ್ಮೇಲೆ ಆ ರಾಗ ಎತ್ತಲ್ಲ ನಾನು.”

ಚಾಪೆಲ್ ತುಂಬಿತ್ತು, ಅಂದರೆ ಮುಂದಿನ ಮೂರು ಬೆಂಚು ತುಂಬಿತ್ತು. ರಸ್ತೆಯ ಆಚೆಯ ಬ್ಯಾಪ್ಟಿಸ್ಟರೂ ಬಂದಿದ್ದರು. ಕರಿ ಅಂಗಿಯವರು ಸುದ್ದಿ ತಿಳಿದು ಬಂದು ಹೊರಗೆ ಮೆಟ್ಟಿಲ ಮೇಲೆ ಗುಂಪಾಗಿ ನಿಂತಿದ್ದರು. ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಶವಸಂಸ್ಕಾರಕ್ಕೆ ಎಲ್ಲರೂ ಕರಿ ಬಟ್ಟೆಯಲ್ಲೇ ಇದ್ದುದರಿಂದ ಆ ಒಂದು ದಿನ ಅವರು ಊರವರ ಹಾಗೇ ಕಾಣುತ್ತಿದ್ದರು.

ಟೆಗ್ವೆನ್ ಶವಪೆಟ್ಟಿಗೆಯ ಪಕ್ಕ ನಿಂತು ಕೈ ಎತ್ತಿದಳು. ಮೊದಲ ಸಾಲು. ಎರಡನೆಯದು. ನಾವೆಲ್ಲ ಬಾಯಿ ಮುಚ್ಚಿದೆವು. ಖಾಲಿ.

ಆ ಖಾಲಿಯೊಳಕ್ಕೆ ಬಾಗಿಲಿನ ಕಡೆಯಿಂದ ಮೂರನೆಯ ಸಾಲು ಬಂತು.

ಅರ್ಧ ಮಾತ್ರೆ ತಡವಾಗಿ ಬಂತು, ಏಕೆಂದರೆ ಅವರು ಕಲಿತದ್ದು ಸಿನಿಮಾದಿಂದ, ಅದರಲ್ಲಿ ಗಣಿಯ ಪ್ರತಿಧ್ವನಿಯೂ ಸೇರಿತ್ತು. ಪದಗಳು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಪದಗಳು. ಆದರೆ ಕೆಳದನಿ, ಏಳೆಂಟು ಗಂಡಸರ ಗಟ್ಟಿ ಕೆಳದನಿ. ಬೆಂಚಿನ ಮರ ನನ್ನ ಬೆನ್ನಿಗೆ ಅದುರಿದ್ದು ತಿಳಿಯಿತು. ಮುಂದಿನ ಸಾಲಿನಲ್ಲಿ ಯಾರೋ, ಸಿನಿಮಾ ನೆನಪಾಗಿರಬೇಕು, ಕಿಸಕ್ಕೆಂದರು. ಟೆಗ್ವೆನ್ ಅತ್ತ ತಿರುಗಿ ನೋಡಿದಳು. ಆ ನಗು ಅಲ್ಲಿಗೆ ಸತ್ತಿತು, ಅದೇ ಪೆಟ್ಟಿಗೆಯಲ್ಲಿ ಹೂಳಬಹುದಿತ್ತು.

ನಾಲ್ಕನೆಯ ಸಾಲು ಮುಗಿಯಿತು. ಅವಳ ಕೈ ಮೇಲೇ ಇತ್ತು. ಎಡಗೈ ಬಾಗಿಲಿನ ಕಡೆ ಚಾಚಿ, ಬೇಗ, ಬೇಗ, ಎಂದಿತು. ಎರಡನೆಯ ಸಲ ಸ್ವಲ್ಪ ಸುಧಾರಿಸಿತು. ಅವಳ ಎಡಗೈ ಇನ್ನೂ ಕರೆಯುತ್ತಿತ್ತು. ಅವರು ಹಾಡುತ್ತಲೇ ಹೊಸ್ತಿಲು ದಾಟಿದರು, ಬೆಂಚುಗಳ ನಡುವೆ ಬಂದರು, ಕೆಳದನಿಯವರ ಖಾಲಿ ಬೆಂಚುಗಳ ಮುಂದೆ ನಿಂತರು. ಆಮೇಲೆ ಎಷ್ಟು ಸಲ ಹಾಡಿದೆವೋ. ಪಾದ್ರಿ ಗಡಿಯಾರ ನೋಡಿದರು. ಗುಂಡಿ ತೋಡಿದವರು ಒಳಗೆ ಇಣುಕಿದರು. ಇದ್ವಾಲ್‌ಗೆ ಹೇಗೂ ಅವಸರವಿರಲಿಲ್ಲ.

ಚಹಾ ಕೊಡುವಾಗ ಟೆಗ್ವೆನ್ ನೇರವಾಗಿ ಕೀರನ್‌ನ ಮುಂದೆ ಹೋಗಿ ನಿಂತಳು. ಅವಳ ತಲೆ ಅವನ ಗಡ್ಡದ ತುದಿಗೆ ಬರುತ್ತಿತ್ತು.

“ಎಲ್ಲಿ ಕಲಿತೆ?”

“ಲಾರೀಲಿ ಹಾಕ್ಕೊಂಡು ಹೋಗ್ತೀನಮ್ಮ. ಹೊಳೇ ದಾಟೋ ಸೇತುವೆಯಿಂದ ಹಿಡಿದು ಊರು ಮುಟ್ಟೋವರೆಗೂ ಅದೇ.”

“ಆ ರಾಗದ ಹೆಸರೇನು?”

ಅವನು ಗೆಳೆಯರ ಮುಖ ನೋಡಿದ. “ದೆವ್ವದ ಹಾಡು ಅಂತೀವಿ...”

“ಬ್ರಿನ್ ಗ್ವಿಂಟ್. ಕಟ್ಟಿದವರು ಮೈರಿಗ್ ಪ್ರಿದರ್ಕ್. ಹೇಳು.”

ಅವನು ಹೇಳಿದ. ತಪ್ಪಾಗಿ ಹೇಳಿದ. ಇನ್ನೊಮ್ಮೆ ಹೇಳಿಸಿದಳು. ಚಹಾ ಆರುವ ತನಕ ಹೇಳಿಸಿದಳು.

“ಗುರುವಾರ ಸಂಜೆ ಅಭ್ಯಾಸ. ಮೂಗಿನ ಉಂಗುರ ಇರ್ಲಿ. ಬಾಯಲ್ಲಿ ಅಗಿಯೋದು ಬೇಡ. ಈಗ ಈ ಬಟ್ಟಲುಗಳನ್ನ ಒಳಗೆ ತಗೊಂಡ್ಹೋಗು, ಎಮ್ರಿಸ್ ತೊಳೀತಾನೆ, ನೀನು ಒರೆಸು.”

ಕ್ರಿಸ್ಪಿನ್ ಈಗ ಎರಡನೆಯ ಭಾಗ ತೆಗೆಯುತ್ತಾನಂತೆ. ಊರವರ ಪಾತ್ರಕ್ಕೆ ಈ ಸಲವೂ ನಿಜವಾದ ಊರವರೇ ಬೇಕು, ತಲೆಬುರುಡೆಯ ಅಂಗಿಯವರು ಬೇಡ, ಅವರು ಸಾಕಷ್ಟು ಭಯಂಕರವಾಗಿಲ್ಲ ಎಂದು ಹೇಳಿಕಳಿಸಿದ್ದಾನೆ. ಗುರುವಾರ ಬಿಟ್ಟು ಬೇರೆ ದಿನವಾದರೆ ಯೋಚಿಸುತ್ತೇನೆಂದು ಟೆಗ್ವೆನ್ ಹೇಳಿದ್ದಾಳೆ. ಅಪ್ಪನ ಹೆಸರನ್ನು ಈ ಸಲ ಸಿನಿಮಾದ ಕೊನೆಯಲ್ಲಲ್ಲ, ಶುರುವಿನಲ್ಲೇ ಹಾಕಬೇಕಂತೆ. ಉತ್ತರ ಬಂದಿಲ್ಲ.

ಮೊನ್ನೆ ಶನಿವಾರ ಬ್ರಿನ್ ಗ್ವಿಂಟ್‌ಗೆ ಹೊಸ ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಪ್ರೇತದ ಮನೆಯೆಂದು ಈಗ ಅದಕ್ಕೆ ಬೇಡಿಕೆ ಹೆಚ್ಚು. ನಾಲ್ವರೂ ಚೀಲಗಳನ್ನು ಬಾಗಿಲಲ್ಲಿಟ್ಟು ಸೀದಾ ಬಿಸಿನೀರಿನ ತೊಟ್ಟಿಗಿಳಿದು, ಗಾಜಿನ ಲೋಟ ಎತ್ತಿ, ಸಿನಿಮಾದ ಹಾಡನ್ನು ಗುನುಗತೊಡಗಿದರು. ನಾನು ಟೆಗ್ವೆನ್‌ಳ ಬಕೆಟ್ಟುಗಳನ್ನು ಒಯ್ಯಲು ಕಾರು ತಂದಿದ್ದೆ, ಗೇಟಿನ ಬಳಿ ನಿಂತಿದ್ದೆ. ಮೂರನೆಯ ಸಾಲಿನಲ್ಲಿ ನಾಲ್ವರೂ ಒಟ್ಟಿಗೆ, ಹೆಂಗಸರೂ ಸೇರಿ, ಬಾಯಿ ತೆರೆದರು.

ಮೇಲಿನ ಕೋಣೆಯ ಕಿಟಕಿ ಧಡಾರನೆ ತೆರೆಯಿತು. ಅಲ್ಲಿ ಒಬ್ಬ ಮುದುಕಿ, ತಲೆಗೆ ಬಿಳಿ ಬಟ್ಟೆ, ಕೈಯಲ್ಲಿ ಕಕ್ಕಸು ತಿಕ್ಕುವ ಕುಂಚ.

“ಆ ಸಾಲು ಹೆಂಗಸರದಲ್ಲ,” ಎಂದಿತು ಪ್ರೇತ. “ಬಾಯಿ ಮುಚ್ಚಿ. ದಪ್ಪಗಿರೋ ಯಜಮಾನರೇ, ನೀವೊಬ್ಬರೇ.”

ಒಬ್ಬಳ ಕೈಯಿಂದ ಲೋಟ ಜಾರಿ ನೀರಿಗೆ ಬಿತ್ತು. ದಪ್ಪಗಿನ ಯಜಮಾನರು ಕಿಟಕಿಯನ್ನೇ ನೋಡುತ್ತಾ, ಬಿಳಿಚಿಕೊಂಡು, ನಡುಗುವ ದನಿಯಲ್ಲಿ ಶುರುಮಾಡಿದರು. ದನಿ ನಿಜಕ್ಕೂ ಚೆನ್ನಾಗಿತ್ತು. ನಾಲ್ಕನೆಯ ಸಾಲಿಗೆ ಉಳಿದವರೂ ಹೆದರಿಕೊಂಡೇ ಸೇರಿದರು. ಮುಗಿಯಿತೆಂದು ಅವರು ಅಂದುಕೊಂಡರು.

ಕುಂಚ ಹಿಡಿದ ಕೈ ಕೆಳಗಿಳಿಯಲಿಲ್ಲ. ನಾನು ಕಾರಿನ ಎಂಜಿನ್ ಆರಿಸಿ, ಹೇಗೂ ಹೊತ್ತಾಗುತ್ತದೆಂದು, ಬಾರಾ ಬ್ರಿತ್ ಬಿಚ್ಚಿಕೊಂಡು ಕೂತೆ.